ಬಿಸಿಲು ಕಾಣದ ರಕ್ತ: ಕಂತು ಒಂಬತ್ತು

ಸಿರಿಂಜನ್ನು ಮೂಗಿನ ಹತ್ತಿರ ಹಿಡಿದೆ. ಬ್ರಾಂಡಿಯ ವಾಸನೆ ಬರಬೇಕಿತ್ತು. ಬಂದದ್ದು ಆಲಿವ್ ಎಣ್ಣೆಯದು.

"ಕೇಕಿಂದು ಅದು," ಎಂದರು ಬೆರಿಲ್ ವೇನ್, ನನ್ನ ಕಡೆ ತಿರುಗದೆ. ಓವನ್ನಿನ ಮುಂದೆ ಬಗ್ಗಿ ಸ್ಕೋನ್‌ಗಳ ತಟ್ಟೆ ಹೊರಗೆಳೆಯುತ್ತಿದ್ದರು. "ಹಣ್ಣಿನ ಕೇಕಿಗೆ ಬ್ರಾಂಡಿ ಕುಡಿಸೋದು. ವಾರಕ್ಕೊಂದ್ಸಲ, ಚುಚ್ಚಿ ಚುಚ್ಚಿ. ಹೋಬಾರ್ಟ್ ಷೋನಲ್ಲಿ ನಾಲ್ಕು ವರ್ಷ ಮೊದಲ ಬಹುಮಾನದ ನೀಲಿ ರಿಬ್ಬನ್ ಬಂದಿದೆ ನಂಗೆ."

"ನಾಲ್ಕೂ ಗೋಡೆ ಮೇಲೇ ಇವೆಯಲ್ಲ, ನೋಡಿದೆ. ಕೇಕಿಗೆ ಆಲಿವ್ ಎಣ್ಣೆ ಯಾವಾಗಿಂದ ಕುಡಿಸ್ತಿದೀರಿ?"

ತಟ್ಟೆ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಳಿಯಿತು.

ಬೆರಿಲ್ ಅವರ ಸೊಸೆ ಟಾಮ್ಸಿನ್ ನನ್ನನ್ನು ಈ ಕೆಲಸಕ್ಕೆ ಗೊತ್ತು ಮಾಡಿ ಮೂರು ವಾರವಾಗಿತ್ತು. ನಾಲ್ಕು ತಿಂಗಳಿಂದ ದಿನಾ ವಿಟಮಿನ್ ಡಿ ಹನಿ ನುಂಗುತ್ತಿದ್ದರೂ ರಕ್ತದಲ್ಲಿ ಅದು ಏರದಿರುವುದು ಏಕೆ, ಸೀಸೆಗೆ ಯಾರಾದರೂ ಕೈ ಹಾಕಿದ್ದಾರೆಯೇ, ಅಷ್ಟೇ ಅವಳ ಪ್ರಶ್ನೆ.

ಪ್ರಶ್ನೆ ಚಿಕ್ಕದು. ಅದರ ಹಿಂದಿದ್ದದ್ದು ಚಿಕ್ಕದಲ್ಲ. ಟಾಮ್ಸಿನ್‌ಳ ಗಂಡ, ಬೆರಿಲ್ ಅವರ ಮಗ ಕ್ಯಾಲಮ್ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಸಾಯುವ ಮುಂಚೆ ಇಬ್ಬರೂ ಸೇರಿ ಹೋಬಾರ್ಟಿನ ಒಂದು ಕ್ಲಿನಿಕ್ಕಿನಲ್ಲಿ ಎರಡು ಭ್ರೂಣಗಳನ್ನು ಶೀತಲದಲ್ಲಿ ಇರಿಸಿದ್ದರು. ಒಂದನ್ನು ಈ ಮಾರ್ಚಿನಲ್ಲಿ ಅವಳ ಗರ್ಭಕ್ಕೆ ಹಾಕಿದರು. ನಿಲ್ಲಲಿಲ್ಲ. ಉಳಿದಿರುವುದು ಒಂದೇ.

ಏಪ್ರಿಲ್‌ನಲ್ಲಿ ಕ್ಲಿನಿಕ್ಕು ಹೊಸ ನಿಯಮ ತಂದಿತು: ರಕ್ತದಲ್ಲಿ ವಿಟಮಿನ್ ಡಿ ಐವತ್ತು ಮುಟ್ಟದೆ ಭ್ರೂಣ ಹಾಕುವಂತಿಲ್ಲ. ಟಾಮ್ಸಿನ್‌ಳದ್ದು ಇಪ್ಪತ್ತನಾಲ್ಕು, ಆಮೇಲೆ ಇಪ್ಪತ್ತಾರು, ಈ ತಿಂಗಳ ಮೊದಲಲ್ಲಿ ಇಪ್ಪತ್ತೆರಡು.

ಔಷಧಿ ಅಂಗಡಿಯವನ ಮೇಲೆ ನಾನು ಹತ್ತು ದಿನ ವ್ಯರ್ಥ ಮಾಡಿದೆ. ಅವನ ಒಂದೇ ಅಪರಾಧ ಸಿಡುಕುತನ. ಕ್ಲಿನಿಕ್ಕಿನ ನರ್ಸುಗಳ ಮೇಲೆ ಇನ್ನೊಂದು ವಾರ. ಕೆಟರಿಂಗ್ ಎಂಬ ಊರಿನ ಈ ಅಡುಗೆಮನೆಯನ್ನು ಕೊನೆಗಿಟ್ಟುಕೊಂಡಿದ್ದೆ. ಇಲ್ಲಿ ಏನೂ ಸಿಗದಿರಲಿ ಎಂಬ ಆಸೆ ಇತ್ತೆಂದು ಕಾಣುತ್ತದೆ. ಇಪ್ಪತ್ತಾರು ವರ್ಷ ಪೊಲೀಸಿನಲ್ಲಿದ್ದವಳಿಗೆ ಇರಬಾರದ ಆಸೆ ಅದು.

ಕುರ್ಚಿ ಎಳೆದೆ.

"ಅದರ ಮೇಲೆ ಕೂತ್ಕೋಬೇಡ ಕಣೇ, ಸೂಜಿ ಇದೆ," ಎಂದರು ಬೆರಿಲ್.

ಕುರ್ಚಿಯ ಮೇಲೆ ಹಳದಿ ಉಲ್ಲನ್ನಿನ ಪುಟ್ಟ ಕಾರ್ಡಿಗನ್ ಇತ್ತು. ಒಂದು ತೋಳು ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ನಿಂತಿತ್ತು.

"ಟಾಮ್ಸಿನ್ ಹೆಣೀತಿರೋದು. ನಮಗಲ್ಲ. ರೋವೀನಾಗೆ. ಬ್ರೂನಿ ದ್ವೀಪದಲ್ಲಿ ಸಿಂಪಿ ಬೆಳೀತಾಳಲ್ಲ, ಅವಳು. ಕ್ಲಿನಿಕ್ಕಲ್ಲಿ ಕಾಯ್ತಾ ಕೂತಾಗ ಸ್ನೇಹ ಆಯ್ತಂತೆ. ಒಂದೇ ದಿನ ರಕ್ತ ಕೊಟ್ರು, ಒಂದೇ ದಿನ ಹಾಕಿಸ್ಕೊಂಡ್ರು. ಅವಳದ್ದು ನಿಂತ್ಕೊಂಡ್ತು." ಬೆರಿಲ್ ಸೂಜಿಗಳನ್ನು ಜೋಡಿಸಿ ಕಾರ್ಡಿಗನ್ನನ್ನು ಪಕ್ಕದ ಕುರ್ಚಿಗೆ ದಾಟಿಸಿದರು. "ವರ್ಷವೆಲ್ಲಾ ಬಯಲಲ್ಲೇ ಇರ್ತಾಳೆ, ಹಳೇ ಬೂಟಿನ ಥರ ಸುಟ್ಟು ಹೋಗಿದಾಳೆ. ಟೋಪಿ ಹಾಕ್ಕೊಳ್ಳೇ ಅಂದ್ರೆ ಹಲ್ಲು ಕಿರೀತಾಳೆ. ಅಂಥೋರಿಗೆ ನಿಲ್ಲತ್ತೆ ನೋಡು."

"ಬೆರಿಲ್, ಸೀಸೇನ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳಿಸಿದ್ದೆ. ಒಳಗೆ ವಿಟಮಿನ್ ಹನಿಯಷ್ಟೂ ಇಲ್ಲ. ಬರೀ ಆಲಿವ್ ಎಣ್ಣೆ."

"ಆಲಿವ್ ಎಣ್ಣೆ ಮೈಗೆ ಒಳ್ಳೇದು."

"ಬೆರಿಲ್."

"ಒಳ್ಳೇ ಎಣ್ಣೇನೇ ಹಾಕಿದೀನಿ. ಅಗ್ಗದ್ದಲ್ಲ."

ತಪ್ಪೊಪ್ಪಿಗೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಅತ್ತವರು, ಬೈದವರು, ವಕೀಲ ಬರಲಿ ಎಂದವರು. ಎಣ್ಣೆಯ ಗುಣಮಟ್ಟದ ಬಗ್ಗೆ ಖಾತ್ರಿ ಕೊಟ್ಟವರು ಇವರೊಬ್ಬರೇ. ನಗು ಬರಬೇಕಿತ್ತು. ಅವರ ಕೈ ಸ್ಕೋನಿಗೆ ಬೆಣ್ಣೆ ಹಚ್ಚುತ್ತಲೇ ಇತ್ತು, ಒಂದೇ ಸ್ಕೋನಿಗೆ, ಮೂರನೆಯ ಸಲ.

"ಯಾವಾಗ ಶುರು ಮಾಡಿದ್ರಿ?"

"ಏಪ್ರಿಲ್ ಕೊನೇಲಿ. ಮೊದಲನೇ ಸೀಸೆ ಮನೆಗೆ ಬಂದ ದಿನಾನೇ."

"ಅವಳಿಗೆ ಮಗು ಬೇಡ ಅಂತಲಾ?"

ಚಾಕು ನಿಂತಿತು. ಬೆರಿಲ್ ನನ್ನನ್ನು ನೋಡಿದ ರೀತಿಗೆ ನಾನು ಆ ಮಾತನ್ನು ಬಾಯೊಳಗೆ ವಾಪಸು ಎಳೆದುಕೊಳ್ಳಲು ಸಿದ್ಧಳಿದ್ದೆ.

"ನೀನು ಪೈಬಸ್ ಮನೆ ಹುಡುಗಿ," ಎಂದರು. ನನಗೆ ಅರವತ್ತೊಂದು. "ನಿಮ್ಮಕ್ಕ ನನ್ನ ಜೊತೆ ಶಾಲೆ ಕ್ಯಾಂಟೀನಲ್ಲಿ ಹದಿನೈದು ವರ್ಷ ಸ್ಯಾಂಡ್‌ವಿಚ್ ಕಟ್ಟಿದಾಳೆ. ಅದಕ್ಕೆ ಹೇಳ್ತೀನಿ, ಇಲ್ಲಾಂದ್ರೆ ಹೇಳ್ತಿರ್ಲಿಲ್ಲ."

ಕೂತರು.

"ಮಾರ್ಚಲ್ಲಿ ಹನ್ನೊಂದು ದಿನ ಇತ್ತು ಅದು ಒಳಗೆ. ಹನ್ನೊಂದನೇ ದಿನ ಇವಳು ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡ್ಲು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಆಮೇಲೆ ನಲ್ಲಿ ಬಿಟ್ಟಳು. ನೀರು ಹೋಗೋ ಸದ್ದು ಕೇಳಿದಾಗ ನಂಗೆ ಏನನ್ಸ್ತು ಅಂದ್ರೆ, ಮಾರ್ಗೋ, ನಮ್ಮ ಕ್ಯಾಲಮ್ ಎರಡನೇ ಸಲ ಹೋದ ಅಂತ."

ಕಿಟಕಿಯಾಚೆ ಬ್ರೂನಿಗೆ ಹೋಗುವ ದೋಣಿ ಕಾರುಗಳನ್ನು ನುಂಗುತ್ತ ನಿಂತಿತ್ತು. ಆಗಸ್ಟಿನ ಚಳಿಗಾಲದ ಬಿಸಿಲು ಬಿಳಿಯಾಗಿತ್ತು, ಬಿಸಿಯಿರಲಿಲ್ಲ.

"ನಾನು ಪ್ರತಿ ಗುರುವಾರ ಪಟ್ಟಣಕ್ಕೆ ಹೋಗ್ತೀನಲ್ಲ, ಕಣ್ಣಿನ ಡಾಕ್ಟರ್ ಹತ್ರ ಅಂತ."

"ಹ್ಞೂಂ."

"ಕಣ್ಣಿಗೆ ಏನೂ ಆಗಿಲ್ಲ. ಆ ಕ್ಲಿನಿಕ್ ಎದುರಿಗೆ ಬಸ್ ಸ್ಟಾಪ್ ಇದೆ, ಬೆಂಚಿದೆ. ಅಲ್ಲಿ ಕೂತು ಸ್ಯಾಂಡ್‌ವಿಚ್ ತಿಂತೀನಿ. ಮೂರನೇ ಮಹಡಿ, ಎಡಗಡೆ ಕಿಟಕಿ. ಅವನು ಅಲ್ಲಿ ಇದಾನೆ ಅಂತ. ತಣ್ಣಗೆ, ಆರಾಮವಾಗಿ, ಬಿಸಿಲಿಲ್ಲದ ಕಡೆ." ಸ್ಕೋನನ್ನು ನನ್ನ ಕಡೆ ತಳ್ಳಿದರು. "ಇದನ್ನೂ ಹಾಕ್ಸಿ, ಇದೂ ಹೋದ್ರೆ, ನಾನು ಎಲ್ಲಿ ಹೋಗಿ ಕೂರ್ಲಿ? ಐವತ್ತು ಮುಟ್ಟದಿದ್ರೆ ಹಾಕಲ್ಲ ಅಂದ್ರು. ಮುಟ್ಟದೇ ಇರ್ಲಿ ಅಂದ್ಕೊಂಡೆ. ಇವಳ ಮನಸ್ಸು ಸ್ವಲ್ಪ ಗಟ್ಟಿಯಾಗೋವರೆಗೂ. ನಂದೂ."

ನಾನು ಸ್ಕೋನ್ ತಿಂದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಚೆನ್ನಾಗಿತ್ತು, ಅದು ಇನ್ನೂ ಕಷ್ಟ.

"ಟಾಮ್ಸಿನ್ ನಿಮಗೆ ಆಗಸ್ಟ್ ಮೂವತ್ತೊಂದರ ವಿಷಯ ಹೇಳಿದಾಳಾ?"

"ಏನು ವಿಷಯ?"

ಹೇಳಿರಲಿಲ್ಲ. ಮುಖದಲ್ಲೇ ಗೊತ್ತಾಯಿತು.

"ಕ್ಯಾಲಮ್ ಆಸ್ಪತ್ರೇಲಿ ಸಹಿ ಮಾಡಿದ ಒಪ್ಪಿಗೆ ಕಾಗದಕ್ಕೆ ಅವಧಿ ಇದೆ. ಈ ತಿಂಗಳ ಕೊನೆಗೆ ಮುಗಿಯುತ್ತೆ. ಅವನಿದ್ದಿದ್ರೆ ಇನ್ನೊಂದು ಸಹಿ ಹಾಕ್ತಿದ್ದ. ಆ ದಿನದೊಳಗೆ ಹಾಕಿಸ್ಕೊಳ್ಳದಿದ್ರೆ ಅವರು ಅದನ್ನ ಇಟ್ಕೊಳ್ಳೋ ಹಾಗಿಲ್ಲ."

"ಇಟ್ಕೊಳ್ಳೋ ಹಾಗಿಲ್ಲ ಅಂದ್ರೆ?"

"ಹೊರಗೆ ತೆಗೀತಾರೆ."

ಇವತ್ತು ಹತ್ತೊಂಬತ್ತು. ಬೆರಿಲ್ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಪ್ರತಿ ಗುರುವಾರದ ಚೌಕದಲ್ಲೂ ಪೆನ್ಸಿಲಿನಲ್ಲಿ 'ಕಣ್ಣು' ಎಂದು ಬರೆದಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ಅವಳು?"

"ನಿಮಗೆ ನಿದ್ದೆ ಹತ್ತಲ್ಲ ಅಂತ."

ಒಂದೇ ಸೂರಿನಡಿ ಇಬ್ಬರು ಹೆಂಗಸರು. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಒಬ್ಬಳು ತಾರೀಖು ಬಚ್ಚಿಟ್ಟಳು, ಇನ್ನೊಬ್ಬರು ಹನಿ ಬಚ್ಚಿಟ್ಟರು. ದ್ವೇಷದಿಂದ ನಡೆದ ಅಪರಾಧಗಳನ್ನು ಬಿಡಿಸುವುದು ಸುಲಭ. ಅಲ್ಲಿ ಯಾರಾದರೂ ಒಬ್ಬರಾದರೂ ಮಾತಾಡಿರುತ್ತಾರೆ.

ಬೆರಿಲ್ ಅಳಲಿಲ್ಲ. ಏಪ್ರನ್ನಿನ ಅಂಚನ್ನು ಮಡಿಸುತ್ತ ಹೋದರು, ಅದು ಬೆರಳಷ್ಟು ಅಗಲವಾಗುವವರೆಗೆ.

"ಬರ್ಕೋ," ಎಂದರು. "ಎರಡನ್ನೂ ನಾನೇ ಕೊಂದೆ ಅಂತ ಬರ್ಕೋ. ಮಾರ್ಚಿಂದೂ ನಂದೇ. ಬಿಸಿಲಿಗೆ ಹೋಗ್ಬೇಡ ಹೋಗ್ಬೇಡ ಅಂತ ಅವಳ ಪ್ರಾಣ ತಿಂದೋಳು ನಾನೇ. ರಕ್ತದಲ್ಲಿ ಅದು ಇಲ್ದೇನೇ ಹೋಯ್ತು ಮೊದಲನೇದೂ."

ಪ್ರಾಣ ತಿಂದೆ ಎಂದದ್ದು ಅತಿಶಯೋಕ್ತಿಯಲ್ಲ. ಕ್ಯಾಲಮ್ ಸಮುದ್ರದ ತಳದಿಂದ ಆಬಲೋನಿ ಚಿಪ್ಪುಜೀವಿಗಳನ್ನು ಕಿತ್ತು ತರುವ ಮುಳುಗುಗಾರ. ಹದಿನೆಂಟು ವರ್ಷ ದೋಣಿಯ ಮೇಲೆ ಬರಿಗತ್ತಿನಲ್ಲಿ ನಿಂತವನು. ಕೂದಲಂಚಿನ ಕೆಳಗಿನ ಮಚ್ಚೆಯನ್ನು ಕ್ಷೌರದವಳು ಮೊದಲು ನೋಡಿದಳು. ಅವನು ಹೋದ ಮೇಲೆ ಬೆರಿಲ್ ಮನೆಯ ಪ್ರತಿ ಬಾಗಿಲ ಪಕ್ಕದಲ್ಲೂ ಒತ್ತಿದರೆ ಬರುವ ಸನ್‌ಸ್ಕ್ರೀನ್ ಡಬ್ಬ ಇಟ್ಟರು. ಮುಂಬಾಗಿಲು, ಹಿಂಬಾಗಿಲು, ಶೆಡ್ಡು. ಕಕ್ಕಸಿನ ಬಾಗಿಲಲ್ಲೂ ಒಂದಿದೆ, ಏಕೆಂದು ಕೇಳುವ ಧೈರ್ಯ ನನಗೆ ಬಂದಿಲ್ಲ. ಟಾಮ್ಸಿನ್ ಪ್ರಾಥಮಿಕ ಶಾಲೆಯ ಟೀಚರು. ಟೋಪಿಯಿಲ್ಲದ ಮಗುವಿಗೆ ಆಟವಿಲ್ಲ ಎನ್ನುವುದು ಇಲ್ಲಿನ ಶಾಲೆಗಳ ನಿಯಮ. ಟೀಚರು ಆ ನಿಯಮವನ್ನು ಮೈಪೂರ್ತಿ ಹೊದ್ದುಕೊಂಡಳು.

"ಹಾಗಲ್ಲ ಬೆರಿಲ್," ಎಂದೆ. "ಕ್ಲಿನಿಕ್ಕಿನ ಡಾಕ್ಟರ್ ಗಿಲ್‌ಕ್ರಿಸ್ಟ್ ಹತ್ರ ಕೂತು ಕೇಳಿದೀನಿ. ವಿಟಮಿನ್ ಡಿ ಚೆನ್ನಾಗಿರೋರಿಗೆ ಸ್ವಲ್ಪ ಹೆಚ್ಚಾಗಿ ನಿಲ್ಲತ್ತೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆಯಂತೆ. ಹಾಗಂತ ಕಮ್ಮಿ ಇರೋರಿಗೆ ಹನಿ ಕೊಟ್ಟು ನೋಡಿದ್ರೆ ಅಷ್ಟೇನೂ ವ್ಯತ್ಯಾಸ ಕಾಣಲ್ಲವಂತೆ. ಯಾವುದೂ ಖಚಿತ ಇಲ್ಲ."

"ಮತ್ತೆ ನಿಯಮ ಯಾಕೆ ಮಾಡಿದಾರೆ?"

"ನಾನೂ ಅದನ್ನೇ ಕೇಳಿದೆ. ಬಂದೋರೆಲ್ಲ ನಾವೇನು ಮಾಡ್ಬೇಕು ಅಂತ ಕೇಳ್ತಾರಂತೆ. ಏನೂ ಇಲ್ಲ ಅಂತ ಹೇಳಕ್ಕಾಗಲ್ಲ ಅಂದ್ರು."

ಬೆರಿಲ್ ಏಪ್ರನ್ನಿನ ಮಡಿಕೆ ಬಿಚ್ಚಿ, "ಪಾಪ, ಆ ಹೆಂಗಸು," ಎಂದರು. ಡಾಕ್ಟರ ಬಗ್ಗೆ.

"ಅದಲ್ದೆ ಮಾರ್ಚಲ್ಲಿ ಇವಳಿಗೆ ಕಮ್ಮಿ ಇರ್ಲೇ ಇಲ್ಲ." ಚೀಲದಿಂದ ಕ್ಲಿನಿಕ್ಕಿನ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಮುದುಕಿಗೆ ಒಂದಿಷ್ಟು ಸಮಾಧಾನ ಕೊಡಬೇಕೆಂಬುದಷ್ಟೇ ನನ್ನ ಉದ್ದೇಶ, ಅದರಾಚೆ ಏನೂ ಯೋಚಿಸಿರಲಿಲ್ಲ. "ನೋಡಿ. ಮಾರ್ಚ್ ನಾಲ್ಕು. ಅರವತ್ತೆಂಟು. ಬೇಕಾದ್ದಕ್ಕಿಂತ ಜಾಸ್ತೀನೇ. ಕಮ್ಮಿಯಾಗಿದ್ದು ಆಮೇಲೆ."

ಬೆರಿಲ್ ಕನ್ನಡಕವನ್ನು ಏಪ್ರನ್ನಿಗೆ ಒರೆಸಿ ಹಾಕಿಕೊಂಡರು. ಹಾಳೆಯನ್ನು ಬೆಳಕಿಗೆ ಹಿಡಿದರು. ಕಣ್ಣಿಗೆ ಏನೂ ಆಗಿಲ್ಲ ಎಂದದ್ದು ನಿಜವೇ ಇರಬೇಕು.

"ಇದು ಟಾಮ್ಸಿನ್‌ದಲ್ಲ."

"ಹೆಸರಿದೆಯಲ್ಲ."

"ಹೆಸರಿರ್ಲಿ. ಅರವತ್ತೆಂಟು ಎಲ್ಲಿಂದ ಬರತ್ತೆ? ಆಗ ಹನಿ ಇರ್ಲಿಲ್ಲ."

"ಬೇಸಿಗೆ ಆಗಷ್ಟೇ ಮುಗಿದಿತ್ತಲ್ಲ, ಬಿಸಿಲು..."

ಮಾತು ನನ್ನ ಬಾಯಲ್ಲೇ ತಡವರಿಸಿತು. ಡಾಕ್ಟರ್ ಗಿಲ್‌ಕ್ರಿಸ್ಟ್ ಹೇಳಿದ್ದೂ ಇದನ್ನೇ, ನರ್ಸು ಹೇಳಿದ್ದೂ ಇದನ್ನೇ. ಏಪ್ರಿಲ್‌ನಲ್ಲಿ ಅಂಕಿ ಇಪ್ಪತ್ತನಾಲ್ಕಕ್ಕೆ ಬಿದ್ದಾಗ ಎಲ್ಲರೂ ತಲೆಯಾಡಿಸಿದ್ದರು: ಬೇಸಿಗೆ ಹೋಯ್ತಲ್ಲ. ನಾವು ತಾಸ್ಮೇನಿಯಾದವರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮೂರೇ ತಿಂಗಳು ಸಿಗುವ ಬೇಸಿಗೆಯ ಬಿಸಿಲಿನ ಮೇಲೆ ನಮಗೆ ಎಷ್ಟು ಭಯವೋ ಅಷ್ಟೇ ನಂಬಿಕೆ. ಒಳ್ಳೆಯದೇನಾದರೂ ಆದರೆ ಅದು ಬೇಸಿಗೆಯ ಕೆಲಸ, ಕೆಟ್ಟು ಹೋದರೆ ಬೇಸಿಗೆ ಮುಗಿದದ್ದು ಕಾರಣ. ಅದರಾಚೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬೆರಿಲ್ ಎದ್ದು ಫ್ರಿಜ್ಜಿನ ಬಾಗಿಲಿನಿಂದ ಒಂದು ಫೋಟೋ ಕಿತ್ತು ತಂದರು.

"ಫೆಬ್ರವರಿ. ಬ್ರೂನಿ ಬೀಚು. ಶಾಲೆಯೋರೆಲ್ಲ ಹೋಗಿದ್ದು. ನಮ್ಮೋಳು ಯಾರು ಹೇಳು."

ಹುಡುಕಬೇಕಾಗಿರಲಿಲ್ಲ. ಈಜುಡುಗೆಯಲ್ಲಿ ಮರಳ ಮೇಲೆ ಬಿದ್ದುಕೊಂಡ ಹನ್ನೆರಡು ಜನ. ಹಿಂದೆ ಒಂದು ಗುಡಾರ, ಗುಡಾರದೊಳಗೆ ಅಗಲ ಟೋಪಿ, ಉದ್ದ ತೋಳಿನ ಅಂಗಿ, ಬಿಳಿ ಕೈಗವಸು. ಮುಖದ ಮೇಲೆ ಸನ್‌ಸ್ಕ್ರೀನ್ ಸುಣ್ಣ ಬಳಿದಂತಿತ್ತು.

"ಮಕ್ಕಳು ಅವಳನ್ನ ಟೆಂಟ್ ಮಿಸ್ ಅಂತ ಕರೀತಾರೆ," ಎಂದರು ಬೆರಿಲ್. "ಕ್ಯಾಲಮ್ ಹೋದಾಗಿಂದ ಈ ಹುಡುಗಿ ಚರ್ಮಕ್ಕೆ ಬಿಸಿಲು ಬಿದ್ದಿಲ್ಲ. ನಾನು ಬೀಳಕ್ಕೆ ಬಿಟ್ಟಿಲ್ಲ. ಆ ರಕ್ತ ಬಯಲಲ್ಲಿ ದುಡಿಯೋ ಯಾರದ್ದೋ."

ಅದನ್ನು ಹೇಳಿದ ಮೇಲೆ ಅವರಿಗೇ ಏನೋ ಕೇಳಿಸಿದಂತಾಯಿತು. ಬಾಯಿ ತೆರೆದೇ ಇತ್ತು.

ನಾನು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರ್ ಗಿಲ್‌ಕ್ರಿಸ್ಟ್ ತಾವೇ ಎತ್ತಿದರು.

"ಡಾಕ್ಟ್ರೇ, ಮಾರ್ಚ್ ನಾಲ್ಕಕ್ಕೆ ನಿಮ್ಮಲ್ಲಿ ವಿಟಮಿನ್ ಡಿಗೆ ಎಷ್ಟು ಜನ ರಕ್ತ ಕೊಟ್ರು?"

ಕೀಲಿಮಣೆಯ ಸದ್ದು. "ಇಬ್ಬರು. ಯಾಕೆ?"

"ಇನ್ನೊಬ್ಬರ ಅಂಕಿ ಎಷ್ಟು?"

"ಮಿಸ್ ಪೈಬಸ್, ಬೇರೆ ರೋಗಿಯ ವಿಷಯ ನಾನು ಹೇಳೋ ಹಾಗಿಲ್ಲ ಅಂತ ನಿಮಗೆ ಗೊತ್ತು."

"ಹೆಸರು ಬೇಡ. ಅಂಕಿ ನಿಮ್ಮ ಮುಂದೇನೇ ಇದೆ. ನೋಡಿ. ಆಮೇಲೆ ಆ ರೋಗಿ ಏನು ಕೆಲಸ ಮಾಡ್ತಾರೆ ಅಂತ ನೆನಪು ಮಾಡ್ಕೊಳ್ಳಿ."

ಮತ್ತೆ ಕೀಲಿಮಣೆಯ ಸದ್ದು. ಆಮೇಲೆ ಡಾಕ್ಟರು, ನನಗಲ್ಲ, ತಮಗೆ ತಾವೇ ಎಂಬಂತೆ, "ಇಪ್ಪತ್ತಮೂರು," ಎಂದರು.

"ಇಪ್ಪತ್ತಮೂರು," ಎಂದೆ ನಾನೂ.

ಮೇಜಿನಾಚೆ ಬೆರಿಲ್ ಹಳದಿ ಕಾರ್ಡಿಗನ್ನಿನ ಕಡೆ ನೋಡಿದರು.

"ಬರೀ ಟ್ಯೂಬು ಅದಲುಬದಲು ಆಗಿರಬಹುದು," ಎಂದರು ಡಾಕ್ಟರು. ಧ್ವನಿ ಬೇಗಬೇಗ ಬರುತ್ತಿತ್ತು. "ರಕ್ತ ಬೇರೆ, ಭ್ರೂಣ ಬೇರೆ. ಭ್ರೂಣಕ್ಕೆ ಇಬ್ಬರು ನಿಂತು ಸ್ಟಿಕ್ಕರ್ ನಂಬರ್ ತಾಳೆ ನೋಡ್ತಾರೆ."

"ಆ ಸ್ಟಿಕ್ಕರ್ ರೋಗಿ ಕೈಗೆ ಯಾವಾಗ ಬರುತ್ತೆ?"

ಆ ಕಡೆ ಕುರ್ಚಿ ಜರುಗಿದ ಸದ್ದು.

"ಡಾಕ್ಟ್ರೇ."

"ರಕ್ತ ಕೊಡೋ ದಿನ," ಎಂದರು. "ಒಂದು ಹಾಳೆ ಸ್ಟಿಕ್ಕರ್ ಕೊಡ್ತೀವಿ. ರಕ್ತಕ್ಕೂ ಅದೇ. ಭ್ರೂಣ ಹಾಕೋ ದಿನ ಕೈಗೆ ಕಟ್ಟೋ ಪಟ್ಟಿಗೂ ಅದೇ ಹಾಳೇದು. ಏಪ್ರಿಲ್‌ನಲ್ಲಿ ಅವರಿಗೆ ಹೊಸ ಹಾಳೆ ಕೊಟ್ವಿ." ಉಸಿರೆಳೆದುಕೊಂಡರು. "ಟಾಮ್ಸಿನ್ ಹತ್ರ ಇದಾರಾ? ಅವರಿಗೆ ಇನ್ನೂ ಏನೂ ಹೇಳಬೇಡಿ. ನಂಗೊಂದು ಗಂಟೆ ಕೊಡಿ. ದಯವಿಟ್ಟು."

ಫೋನ್ ಕೆಳಗಿಟ್ಟೆ.

ಇಬ್ಬರು ಹೆಂಗಸರು ಪಕ್ಕಪಕ್ಕ ಕೂತು, ಮಾತಿಗೆ ಮಾತು ಬೆಳೆದು, ಮಡಿಲಲ್ಲಿದ್ದ ಎರಡು ಹಾಳೆಗಳನ್ನು ಎಲ್ಲೋ ಇಟ್ಟು ಎಲ್ಲಿಂದಲೋ ಎತ್ತಿಕೊಂಡಿದ್ದರೆ ಸಾಕಿತ್ತು. ಹತ್ತು ದಿನದ ಮೇಲೆ ಒಬ್ಬಳ ಕೈಗೆ ಇನ್ನೊಬ್ಬಳ ನಂಬರು, ಒಬ್ಬಳ ಗರ್ಭಕ್ಕೆ ಇನ್ನೊಬ್ಬಳ ಭ್ರೂಣ.

"ಇವಳೊಳಗೆ ಹನ್ನೊಂದು ದಿನ ಇದ್ದಿದ್ದು..." ಎಂದರು ಬೆರಿಲ್.

"ಗೊತ್ತಿಲ್ಲ. ಇನ್ನೂ ಗೊತ್ತಿಲ್ಲ ಬೆರಿಲ್."

"ನಾನು ಆ ಬೆಂಚಿನ ಮೇಲೆ ಕೂತಿರ್ತೀನಲ್ಲ. ಎದುರಿಗೇ ಹಾದು ಹೋಗ್ತಾಳೆ ರೋವೀನಾ, ತಪಾಸಣೆಗೆ ಬಂದಾಗ. ಕೈ ಬೀಸ್ತಾಳೆ. ನಾನು ನೋಡದೇ ಇರೋ ಥರ ಇದ್ದುಬಿಡ್ತಿದ್ದೆ. ಹೊಟ್ಟೆಕಿಚ್ಚಿಗೆ."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದು. ನಾಲ್ಕು ಗಂಟೆ. ಶಾಲೆ ಬಿಟ್ಟಿತ್ತು.

ಟಾಮ್ಸಿನ್ ಒಳಗೆ ಬಂದಳು. ಅಗಲ ಟೋಪಿ ತೆಗೆದು ಮೊಳೆಗೆ ಹಾಕಿದಳು, ಕೈಗವಸು ಕಳಚಿದಳು. ಮುಖ ಕಾಗದದಷ್ಟು ಬಿಳುಪು, ಆದರೆ ಅದರ ಮೇಲೆ ಈ ಮೂರು ವಾರದಲ್ಲಿ ನಾನು ಕಂಡಿರದ ಏನೋ ಇತ್ತು.

"ಸ್ಕೋನ್ ವಾಸನೆ ರಸ್ತೆವರೆಗೂ ಬರ್ತಿದೆ. ಮಾರ್ಗೋ, ನಿಮ್ಮನ್ನ ಖುಷಿಪಡಿಸಕ್ಕೆ ಮಾಡಿದಾರೆ ಅಂದ್ರೆ ಏನೋ ತಪ್ಪು ಮಾಡಿದಾರೆ ಅಂತಾನೇ ಅರ್ಥ, ಹುಷಾರು." ನಗುತ್ತ ಪಕ್ಕದ ಕುರ್ಚಿಯಿಂದ ಕಾರ್ಡಿಗನ್ ಎತ್ತಿಕೊಂಡು ಕೂತಳು. ಸೂಜಿಗಳು ತಾವಾಗಿಯೇ ಓಡತೊಡಗಿದವು. "ಬೇಗ ಮುಗಿಸ್ಬೇಕು ಇದನ್ನ. ಜೆಟ್ಟೀಲಿ ರೋವೀನಾ ಸಿಕ್ಕಿದ್ಲು, ದೋಣಿ ಕಾಯ್ತಿದ್ಲು. ಯಾವಾಗ್ಲೂ ಹೊಟ್ಟೆ ಮೇಲೆ ಕೈ ಇಡೇ, ಕೈ ಇಡೇ ಅಂತಿರ್ತಾಳೆ. ನಾನು ಆಗಲ್ಲ ಮಾರಾಯ್ತಿ ಅಂತಾನೇ ಬಂದಿದೀನಿ ಇಷ್ಟು ದಿನ. ಇವತ್ತು ಯಾಕೋ ಇಟ್ಟುಬಿಟ್ಟೆ."

ಬೆರಿಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒದೀತು ಬೆರಿಲ್," ಎಂದಳು, ಹೆಣಿಗೆಯಿಂದ ತಲೆಯೆತ್ತದೆ. "ಜೋರಾಗಿ. ಅಳು ಬರತ್ತೆ ಅಂದ್ಕೊಂಡಿದ್ದೆ. ಬರ್ಲಿಲ್ಲ."

ಬೆರಿಲ್ ಮೇಜು ಸುತ್ತಿಕೊಂಡು ಅವಳ ಮುಂದೆ ಬಂದು ನಿಂತರು.

"ಯಾವ ಕೈ?"

"ಏನು?"

"ಯಾವ ಕೈ ಇಟ್ಟೆ?"

ಟಾಮ್ಸಿನ್ ಅರ್ಥವಾಗದೆ ಬಲಗೈ ಚಾಚಿದಳು. ಬೆರಿಲ್ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಹಾಗೆಯೇ ನಿಂತರು, ಕಣ್ಣು ಮುಚ್ಚಿ.

ಟಾಮ್ಸಿನ್ ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು. ಆಮೇಲೆ ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಅಂಗಾತ ಬಿದ್ದಿದ್ದ ಫೋಟೋವನ್ನು, ಅದರ ಪಕ್ಕದ ಹಾಳೆಯನ್ನು, ಹಾಳೆಯಲ್ಲಿ ಬೆರಿಲ್‌ರ ಬೆಣ್ಣೆಗೈ ಗುರುತು ಬಿಟ್ಟಿದ್ದ ಆ ಒಂದು ಸಾಲನ್ನು.

"ಮಾರ್ಗೋ," ಎಂದಳು. ಸೂಜಿಗಳು ನಿಂತಿದ್ದವು. "ಈ ಅರವತ್ತೆಂಟು ಯಾರದ್ದು?"